ಬಿಗ್ ಬಜಾರ್ ದಿವಾಳಿ: ಉದ್ರಿ ಕೊಟ್ಟವರ ಪಾಲೇನು?

ಅಥಣಿ: ಮುಖ ನೋಡಿ ಸರಕು ಕೊಡುವುದು, ಹಣ ಬಂದಾಗ ಖಾತೆ ಚುಕ್ತಾ ಮಾಡುವುದು ಗಡಿಭಾಗದ ಪೇಟೆಗಳ ಹಳೆಯ ವ್ಯಾಪಾರ ರೀತಿ. ಉದ್ರಿ ಪಡೆದವನ ಅಂಗಡಿ ಅದೇ ಓಣಿಯಲ್ಲಿರುತ್ತದೆ, ಬಾಕಿ ಕೇಳಲು ನಾಲ್ಕು ಹೆಜ್ಜೆ ನಡೆದರೆ ಸಾಕು. ಮಹಾನಗರಗಳ ಸರಣಿ ಮಳಿಗೆಗಳೂ ನಡೆಯುವುದು ಉದ್ರಿಯ ಮೇಲೆಯೇ. ಸರಕು ಇಂದು ಬರುತ್ತದೆ, ಹಣ ವಾರಗಳ ನಂತರ ಸಂದಾಯವಾಗುತ್ತದೆ. ಆದರೆ ಅಂಥದೊಂದು ಸರಣಿಯೇ ಮುಳುಗಿದರೆ ಉದ್ರಿ ಕೊಟ್ಟವರು ಯಾರ ಬಾಗಿಲು ತಟ್ಟಬೇಕು? ಬಿಗ್ ಬಜಾರ್ ನಡೆಸುತ್ತಿದ್ದ ಫ್ಯೂಚರ್ ರಿಟೇಲ್ ಕಂಪನಿಯ ಪತನ ಈ ಪ್ರಶ್ನೆಯನ್ನು ದೇಶದ ಮುಂದಿಟ್ಟಿತು.

22 ದಿನಗಳಲ್ಲಿ ಮೂರು ಮಳಿಗೆ: ಕಿಶೋರ್ ಬಿಯಾನಿ ಅವರು 2001ರಲ್ಲಿ ಕೋಲ್ಕತ್ತ, ಹೈದರಾಬಾದ್ ಮತ್ತು ಬೆಂಗಳೂರಿನಲ್ಲಿ 22 ದಿನಗಳ ಅವಧಿಯೊಳಗೆ ಮೊದಲ ಮೂರು ಬಿಗ್ ಬಜಾರ್‌ಗಳನ್ನು ತೆರೆದರು. ದಿನಸಿ, ಬಟ್ಟೆ, ಪಾತ್ರೆ, ಪಾದರಕ್ಷೆ ಎಲ್ಲವೂ ಒಂದೇ ಸೂರಿನಡಿ ಎಂಬ ಕಲ್ಪನೆಗೆ ಮಧ್ಯಮ ವರ್ಗ ಮಾರುಹೋಯಿತು. 2006ರ ಗಣರಾಜ್ಯೋತ್ಸವದಂದು ಆರಂಭವಾದ ‘ಸಬ್‌ಸೇ ಸಸ್ತಾ ದಿನ್’ ಮಾರಾಟದಲ್ಲಿ ಜನಜಂಗುಳಿ ನಿಭಾಯಿಸಲು ಪೊಲೀಸರನ್ನು ಕರೆಸಬೇಕಾಯಿತು.

ಆದರೆ ಈ ವಿಸ್ತರಣೆ ಸಾಲದ ಬಲದ ಮೇಲೆ ನಿಂತಿತ್ತು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಘೋಷಣೆಯಾದಾಗ ವ್ಯಾಪಾರ ಕುಸಿಯಿತು. ಬಾಡಿಗೆ, ಬಡ್ಡಿಗಳು ಮಾತ್ರ ಏರುತ್ತಲೇ ಹೋದವು. ಅದೇ ಆಗಸ್ಟ್‌ನಲ್ಲಿ ವ್ಯವಹಾರವನ್ನು 24,713 ಕೋಟಿ ರೂಪಾಯಿಗೆ ರಿಲಯನ್ಸ್‌ಗೆ ಮಾರುವ ಒಪ್ಪಂದ ಪ್ರಕಟವಾಯಿತು. ಸಮೂಹದ ಮತ್ತೊಂದು ಕಂಪನಿಯಾದ ಫ್ಯೂಚರ್ ಕೂಪನ್ಸ್‌ನಲ್ಲಿ 2019ರಲ್ಲಿ ಹಣ ಹೂಡಿದ್ದ ಅಮೆಜಾನ್, ಇದು ತನ್ನೊಂದಿಗಿನ ಕರಾರಿನ ಉಲ್ಲಂಘನೆಯೆಂದು ಸಿಂಗಪುರದ ಮಧ್ಯಸ್ಥಿಕೆ ಕೇಂದ್ರದ ಮೆಟ್ಟಿಲೇರಿತು. ದೆಹಲಿ ಹೈಕೋರ್ಟ್, ಸುಪ್ರೀಂ ಕೋರ್ಟ್, ಸ್ಪರ್ಧಾ ಆಯೋಗ ಎಂದು ವ್ಯಾಜ್ಯ ಅಲೆಯುತ್ತಲೇ ಇತ್ತು. ಎರಡು ದೈತ್ಯ ಸಂಸ್ಥೆಗಳ ಕಾದಾಟವಾಗಿಯೇ ಮಾಧ್ಯಮಗಳು ಇದನ್ನು ಬಣ್ಣಿಸಿದವು. ಈ ಅವಧಿಯಲ್ಲಿ ಬಾಕಿಗಾಗಿ ಕಾದಿದ್ದ ಪೂರೈಕೆದಾರರ ಬಗ್ಗೆ ಬರೆದವರು ಕಡಿಮೆ.

ರಾತ್ರೋರಾತ್ರಿ ಬದಲಾದ ಮಳಿಗೆ: ಸರಣಿ ಮಳಿಗೆಗಳ ಕಟ್ಟಡಗಳು ಬಹುತೇಕ ಬಾಡಿಗೆಯವು. ಫ್ಯೂಚರ್ ಬಾಡಿಗೆ ಕಟ್ಟಲಾಗದಿದ್ದಾಗ ರಿಲಯನ್ಸ್ ಸಂಸ್ಥೆಗಳು ಕಟ್ಟಡಗಳ ಭೋಗ್ಯವನ್ನು ತಮ್ಮ ಹೆಸರಿಗೆ ಬರೆಸಿಕೊಂಡು ಅವನ್ನೇ ಫ್ಯೂಚರ್‌ಗೆ ಒಳಬಾಡಿಗೆಗೆ ನೀಡಿದ್ದವು. ಆ ಬಾಡಿಗೆಯೂ ಬಾಕಿ ಉಳಿದ ಕಾರಣ ನೀಡಿ 2022ರ ಫೆಬ್ರುವರಿ ಕೊನೆಯ ವಾರದಲ್ಲಿ ಮಳಿಗೆಗಳನ್ನು ವಶಕ್ಕೆ ಪಡೆಯಲಾರಂಭಿಸಿದವು. ದೊಡ್ಡವು 342, ಸಣ್ಣವು 493, ಒಟ್ಟು 835 ಮಳಿಗೆಗಳಿಗೆ ಒಳಬಾಡಿಗೆ ರದ್ದತಿಯ ನೋಟಿಸ್ ಬಂದಿರುವುದಾಗಿ ಮಾರ್ಚ್‌ನಲ್ಲಿ ಕಂಪನಿಯೇ ಷೇರುಪೇಟೆಗೆ ತಿಳಿಸಿತು. ಮುಂದೆ ಹಲವು ಕಡೆ ‘ಸ್ಮಾರ್ಟ್ ಬಜಾರ್’ ಫಲಕ ಕಾಣಿಸಿಕೊಂಡಿತು. ಸಿಬ್ಬಂದಿಗೆ ರಿಲಯನ್ಸ್ ಕೆಲಸದ ಅವಕಾಶ ನೀಡಲಿದೆಯೆಂದು ಆಗ ವರದಿಯಾಗಿತ್ತು.

ಏಪ್ರಿಲ್‌ನಲ್ಲಿ ಮಾರಾಟ ಒಪ್ಪಂದ ಮತಕ್ಕೆ ಬಂತು. ಷೇರುದಾರರು ಒಪ್ಪಿದರು. ಭದ್ರತೆಯಿಲ್ಲದೆ ಸಾಲ ಕೊಟ್ಟವರ ವರ್ಗದಲ್ಲೂ ಶೇ 78ರಷ್ಟು ಮತ ಪರವಾಗಿ ಬಿತ್ತು. ಆದರೆ ಆಸ್ತಿಯ ಭದ್ರತೆ ಪಡೆದಿದ್ದ ಬ್ಯಾಂಕುಗಳ ವರ್ಗದಲ್ಲಿ ಶೇ 69ಕ್ಕೂ ಹೆಚ್ಚು ಮತ ವಿರುದ್ಧ ಬಿದ್ದು ಒಪ್ಪಂದ ಮುರಿಯಿತು. ಬ್ಯಾಂಕ್ ಆಫ್ ಇಂಡಿಯಾದ ಅರ್ಜಿಯ ಮೇರೆಗೆ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಮುಂಬೈ ಪೀಠ 2022ರ ಜುಲೈ 20ರಂದು ದಿವಾಳಿ ಪ್ರಕ್ರಿಯೆಗೆ ಚಾಲನೆ ನೀಡಿತು. ಆ ಹೊತ್ತಿಗಾಗಲೇ ಕಂಪನಿಯ ಕೈಯಲ್ಲಿ ಆಯಕಟ್ಟಿನ ಮಳಿಗೆಗಳು ಉಳಿದಿರಲಿಲ್ಲ. ಮಳಿಗೆಯಿಲ್ಲದ ಸರಣಿಯನ್ನು ಕೊಳ್ಳುವವರಾದರೂ ಯಾರು? ಸಾಲದಾತರು ಒಪ್ಪುವ ಯೋಜನೆ ಬಾರದೆ 2024ರ ಜುಲೈ 29ರಂದು ಸಮಾಪನಕ್ಕೆ, ಅಂದರೆ ಉಳಿದ ಆಸ್ತಿ ಮಾರಿ ಕಂಪನಿಯನ್ನು ಮುಚ್ಚುವುದಕ್ಕೆ ಆದೇಶವಾಯಿತು.

ಹಿಂದಿನ ನಿದರ್ಶನಗಳು: ಚೆನ್ನೈನ ಸುಭಿಕ್ಷಾ ಸುಮಾರು 1,600 ಮಳಿಗೆಗಳಿಗೆ ಬೆಳೆದು 2009ರ ಆರಂಭದಲ್ಲಿ ಕುಸಿಯಿತು. ಸಂಬಳ ಕೊಡಲೂ ಹಣವಿರಲಿಲ್ಲ. ವಿಶಾಲ್ ರಿಟೇಲ್ ಮಾತ್ರ ನಡೆಯುವ ಸ್ಥಿತಿಯಲ್ಲಿದ್ದಾಗಲೇ 2011ರಲ್ಲಿ ಟಿಪಿಜಿ ಮತ್ತು ಶ್ರೀರಾಮ್ ಸಮೂಹದ ಕೈಸೇರಿ ವಿಶಾಲ್ ಮೆಗಾ ಮಾರ್ಟ್ ಆಗಿ ಉಳಿಯಿತು. 2024ರ ಡಿಸೆಂಬರ್‌ನಲ್ಲಿ ಷೇರುಪೇಟೆಯನ್ನೂ ಪ್ರವೇಶಿಸಿತು.

ಸರತಿಯಲ್ಲಿ ಯಾರು ಎಲ್ಲಿ: 2016ರ ದಿವಾಳಿ ಸಂಹಿತೆಯ 53ನೇ ಕಲಮು ಹಣ ಹಂಚಿಕೆಯ ಕ್ರಮವನ್ನು ನಿಗದಿಪಡಿಸಿದೆ. ಮೊದಲು ಪ್ರಕ್ರಿಯೆಯ ವೆಚ್ಚ. ನಂತರ ಕಾರ್ಮಿಕರ 24 ತಿಂಗಳ ಬಾಕಿ ಮತ್ತು ತಮ್ಮ ಭದ್ರತೆಯನ್ನು ಬಿಟ್ಟುಕೊಟ್ಟ ಸಾಲದಾತರ ಹಣ, ಇವೆರಡಕ್ಕೂ ಸಮಾನ ಸ್ಥಾನ. ಕಾರ್ಮಿಕರ ವ್ಯಾಖ್ಯೆಗೆ ಒಳಪಡದ ನೌಕರರಿಗೆ ಅದರ ನಂತರ 12 ತಿಂಗಳ ಬಾಕಿ. ಭವಿಷ್ಯ ನಿಧಿ ಮತ್ತು ಗ್ರಾಚ್ಯುಟಿ ಹಣವನ್ನು ಈ ಹಂಚಿಕೆಯಿಂದ ಹೊರಗಿಡಲಾಗಿದೆ. ಆಮೇಲೆ ಭದ್ರತೆಯಿಲ್ಲದ ಹಣಕಾಸು ಸಾಲ, ಸರ್ಕಾರದ ಬಾಕಿ. ಸರಕು ಪೂರೈಸಿದವರು ಬರುವುದು ಇವೆಲ್ಲದರ ಹಿಂದೆ, ಷೇರುದಾರರಿಗಿಂತ ಮಾತ್ರ ಮುಂದೆ.

ಉದಾಹರಣೆಗೆ ಅಥಣಿಯ ಕುಶಲಕರ್ಮಿಗಳ ಗುಂಪೊಂದು ಸರಣಿ ಮಳಿಗೆಗೆ ಚಪ್ಪಲಿ ಪೂರೈಸಿದೆಯೆಂದು ಭಾವಿಸೋಣ. ಕೊಲ್ಹಾಪುರಿ ಚಪ್ಪಲಿಯ ಭೌಗೋಳಿಕ ಸೂಚಿಯಲ್ಲಿ ಬೆಳಗಾವಿ ಜಿಲ್ಲೆಯೂ ಸೇರಿದೆ. ಆ ಮಾನ್ಯತೆ ಹೆಸರನ್ನು ಕಾಯುತ್ತದೆ, ಬಾಕಿಯನ್ನಲ್ಲ. ಕಾನೂನಿನ ಕಣ್ಣಿನಲ್ಲಿ ಆ ಗುಂಪು ‘ಕಾರ್ಯಾಚರಣೆ ಸಾಲದಾತ’. ಹಣಕಾಸು ಸಾಲದಾತರಿರುವಲ್ಲಿ ನಿರ್ಧಾರ ಕೈಗೊಳ್ಳುವ ಸಮಿತಿಯಲ್ಲಿ ಅದಕ್ಕೆ ಮತವಿಲ್ಲ. ದಿವಾಳಿ ಅರ್ಜಿ ಅಂಗೀಕಾರವಾದ ದಿನದಿಂದ ಕಂಪನಿಯ ವಿರುದ್ಧ ವಸೂಲಿ ದಾವೆಗೂ ತಡೆ ಬೀಳುತ್ತದೆ. ಸಣ್ಣ ಉದ್ದಿಮೆಗಳ ಹಣ ಗರಿಷ್ಠ 45 ದಿನಗಳಲ್ಲಿ ಸಂದಾಯವಾಗಬೇಕೆಂಬ 2006ರ ಕಾಯ್ದೆಯ ಆಸರೆ ಪಡೆಯುವುದಿದ್ದರೆ ಅದಕ್ಕೂ ಮೊದಲೇ ಪಡೆಯಬೇಕು. ಇಷ್ಟು ದಿನ ಕೊಡದವರು ಮುಂದಾದರೂ ಕೊಟ್ಟಾರೆಂದು ಕಾಯುತ್ತ ಕೂತವರಿಗೇ ಹೆಚ್ಚು ನಷ್ಟ.

ಹಕ್ಕು ಮಂಡಿಸುವುದು ಹೇಗೆ: ದಿವಾಳಿ ಪ್ರಕ್ರಿಯೆ ಆರಂಭವಾದಾಗ ಮಧ್ಯಂತರ ವೃತ್ತಿಪರರು ಸಾರ್ವಜನಿಕ ಪ್ರಕಟಣೆ ಹೊರಡಿಸಿ ಬಾಕಿದಾವೆಗಳನ್ನು ಆಹ್ವಾನಿಸುತ್ತಾರೆ. ಪೂರೈಕೆದಾರರಿಗೆ ‘ಬಿ’ ನಮೂನೆ, ನೌಕರರಿಗೆ ‘ಡಿ’ ನಮೂನೆ. ಬಿಲ್ಲು, ಸರಕು ತಲುಪಿದ ರಸೀದಿ, ಬ್ಯಾಂಕ್ ಖಾತೆಯ ವಿವರಗಳನ್ನು ಲಗತ್ತಿಸಬೇಕು. ಬಾಯಿಮಾತಿನ ಉದ್ರಿಗೆ ಇಲ್ಲಿ ಬೆಲೆಯಿಲ್ಲ. ಪ್ರಕಟಣೆಯನ್ನು ಕಂಪನಿಯ ನೋಂದಾಯಿತ ಕಚೇರಿಯಿರುವ ಊರಿನ ಇಂಗ್ಲಿಷ್ ಮತ್ತು ಪ್ರಾದೇಶಿಕ ಭಾಷೆಯ ಪತ್ರಿಕೆಗಳಲ್ಲಿ ನೀಡುವುದು ನಿಯಮ. ಪ್ರಮುಖ ವ್ಯವಹಾರವಿರುವ ಇತರ ಸ್ಥಳಗಳನ್ನು ಸೇರಿಸುವುದು ವೃತ್ತಿಪರರ ವಿವೇಚನೆಗೆ ಬಿಟ್ಟದ್ದು. ಹೀಗಾಗಿ ಮುಂಬೈ ಕಂಪನಿಯ ಪ್ರಕಟಣೆ ಮರಾಠಿ ಪತ್ರಿಕೆಯಲ್ಲಿ ಬಂದು ಕನ್ನಡದಲ್ಲಿ ಬಾರದೆಯೂ ಇರಬಹುದು. ಭಾರತೀಯ ದಿವಾಳಿ ಮಂಡಳಿಯ ಜಾಲತಾಣದಲ್ಲಿ ಮಾತ್ರ ಎಲ್ಲ ಪ್ರಕಟಣೆಗಳೂ ಲಭ್ಯ. ದೂರದ ಸರಣಿಗೆ ಸರಕು ಕಳುಹಿಸುವವರು ಬಾಕಿ ಬೆಳೆಯುತ್ತಿರುವಾಗ ಅದನ್ನು ಆಗಾಗ ನೋಡುತ್ತಿರುವುದು ಒಳಿತು.