ಬಿಎಫ್‌ಸಿ ಮೊದಲ ತವರು ಪಂದ್ಯ: ಕಂಠೀರವದ ದಾಖಲೆ ಏನು ಹೇಳುತ್ತೆ? ದಕ್ಷಿಣ ಬೆಂಗಳೂರಿನಿಂದ ಹೋಗೋದು ಹೇಗೆ?

ಬೆಂಗಳೂರು: ಸಾಮಾನ್ಯವಾಗಿ ಗಣೇಶನ ಹಬ್ಬ ಮುಗಿದು ದಸರಾ ಬರುವಷ್ಟರಲ್ಲಿ ಬೆಂಗಳೂರು ಎಫ್‌ಸಿ ಅಭಿಮಾನಿಗಳ ನೀಲಿ ಜೆರ್ಸಿ ಬೀರುವಿನಿಂದ ಹೊರಗೆ ಬಂದಿರುತ್ತದೆ. 2025ರಲ್ಲಿ ಹಾಗಾಗಲಿಲ್ಲ. ದೀಪಾವಳಿ ಹೋಯಿತು, ವರ್ಷವೇ ಮುಗಿಯಿತು, ಕಂಠೀರವದಲ್ಲಿ ಇಂಡಿಯನ್ ಸೂಪರ್ ಲೀಗ್‌ನ (ಐಎಸ್‌ಎಲ್) ಒಂದು ಪಂದ್ಯವೂ ಇಲ್ಲ. ಕೊನೆಗೆ 2026ರ ಜನವರಿ 6ರಂದು ಕೇಂದ್ರ ಕ್ರೀಡಾ ಸಚಿವ ಮನ್ಸುಖ್ ಮಾಂಡವಿಯಾ ಅವರು ಫೆಬ್ರವರಿ 14ರಿಂದ ಲೀಗ್ ಶುರು ಎಂದು ಘೋಷಿಸಿದರು. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಲೇಔಟ್ ಕಡೆಯ ಅಭಿಮಾನಿಗಳು ತಿಳಿದಿರಬೇಕಾದ ವಿವರ ಇಲ್ಲಿದೆ.

ಇಷ್ಟು ತಡ ಆಗಿದ್ದು ಯಾಕೆ?

ಲೀಗ್ ನಡೆಸುತ್ತಿದ್ದ ಫುಟ್‌ಬಾಲ್ ಸ್ಪೋರ್ಟ್ಸ್ ಡೆವಲಪ್‌ಮೆಂಟ್ ಲಿಮಿಟೆಡ್ ಮತ್ತು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ನಡುವಿನ ಒಪ್ಪಂದ 2025ರ ಡಿಸೆಂಬರ್ 8ಕ್ಕೆ ಮುಗಿಯುವುದಿತ್ತು. ಅಂದ್ರೆ ಸೀಸನ್ ಅರ್ಧಕ್ಕೆ ಬಂದಾಗ. ಮುಂದೇನು ಅಂತ ಗೊತ್ತಿಲ್ಲದೆ ಆರಂಭಿಸುವುದು ಹೇಗೆ ಎಂಬ ಕಾರಣಕ್ಕೆ ಜುಲೈ 11ರಂದೇ ಲೀಗನ್ನು ತಡೆಹಿಡಿಯಲಾಯಿತು. ಆಗಸ್ಟ್‌ನಲ್ಲಿ ಬಿಎಫ್‌ಸಿ ತನ್ನ ಮೊದಲ ತಂಡದ ಆಟಗಾರರು ಮತ್ತು ಸಿಬ್ಬಂದಿಯ ಸಂಬಳ ತಡೆಹಿಡಿಯುವುದಾಗಿ ಪ್ರಕಟಿಸಿತು. ಹಾಗಾಗಿ ಈ ಸಲ ಅಭಿಮಾನಿಯ ಮೊದಲ ಆಸೆ ಗೋಲೂ ಅಲ್ಲ, ಕಪ್ಪೂ ಅಲ್ಲ. ತಂಡ ಮೈದಾನಕ್ಕೆ ಇಳಿದರೆ ಸಾಕು ಅನ್ನುವುದು.

ತವರು ಪಂದ್ಯ ಈಗ ಅಪರೂಪ

2024-25ರಲ್ಲಿ 13 ತಂಡಗಳಿದ್ದವು. ಪ್ರತಿ ತಂಡಕ್ಕೆ 24 ಲೀಗ್ ಪಂದ್ಯ, ಅದರಲ್ಲಿ 12 ತವರಿನಲ್ಲಿ. ಈ ಬಾರಿ 14 ತಂಡ, ಒಟ್ಟು 91 ಪಂದ್ಯ. ಒಬ್ಬರ ವಿರುದ್ಧ ಒಂದೇ ಸಲ ಆಟ. ಪ್ರತಿ ತಂಡಕ್ಕೆ ಸಿಗುವುದು 13 ಪಂದ್ಯ ಮಾತ್ರ. ತವರಿನಲ್ಲಿ ಆರೋ ಏಳೋ ಆಗಬಹುದು. ಮೊದಲೆಲ್ಲ 'ಈ ವಾರ ಅಂಗಡಿ ಬಿಡಕ್ಕಾಗಲ್ಲ, ಮುಂದಿನ ಪಂದ್ಯಕ್ಕೆ ಹೋದ್ರಾಯ್ತು' ಅನ್ನಬಹುದಿತ್ತು. ಈಗ ಒಂದು ತಪ್ಪಿದರೆ ಸೀಸನ್ನಿನ ದೊಡ್ಡ ಪಾಲೇ ಹೋದಂತೆ. ತಂಡಕ್ಕೂ ಅಷ್ಟೆ, ತವರಿನಲ್ಲಿ ಕಳೆದುಕೊಂಡ ಪಾಯಿಂಟ್ ವಾಪಸ್ ಗಳಿಸಲು ಅವಕಾಶ ಕಡಿಮೆ.

ಹಿಂದಿನ ದಾಖಲೆ

ಬಿಎಫ್‌ಸಿ ಹುಟ್ಟಿದ್ದು 2013ರಲ್ಲಿ. ಮೊದಲ ಪಂದ್ಯವನ್ನು ಅದೇ ವರ್ಷ ಸೆಪ್ಟೆಂಬರ್ 22ರಂದು ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಮೋಹನ್ ಬಾಗಾನ್ ವಿರುದ್ಧ ಆಡಿ 1-1ರಲ್ಲಿ ಡ್ರಾ ಮಾಡಿಕೊಂಡಿತು. ಆ ಮೊದಲ ಸೀಸನ್‌ನಲ್ಲೇ ಐ-ಲೀಗ್ ಗೆದ್ದಿತು. 2014ರಲ್ಲಿ ಕಂಠೀರವಕ್ಕೆ ಬಂತು. 2017ರಲ್ಲಿ ಐಎಸ್‌ಎಲ್ ಸೇರಿದ ಮೇಲೆ ಕಂಠೀರವದಲ್ಲಿ ಆಡಿದ ಪ್ರತಿ ಸೀಸನ್ನಿನ ಮೊದಲ ಲೀಗ್ ಪಂದ್ಯದ ಫಲಿತಾಂಶ ಹೀಗಿದೆ:

2017-18: ಮುಂಬೈ ಸಿಟಿ ವಿರುದ್ಧ 2-0 ಗೆಲುವು
2018-19: ಚೆನ್ನೈಯಿನ್ ವಿರುದ್ಧ 1-0 ಗೆಲುವು
2019-20: ನಾರ್ತ್‌ಈಸ್ಟ್ ಯುನೈಟೆಡ್ ವಿರುದ್ಧ 0-0 ಡ್ರಾ
2022-23: ನಾರ್ತ್‌ಈಸ್ಟ್ ಯುನೈಟೆಡ್ ವಿರುದ್ಧ 1-0 ಗೆಲುವು
2023-24: ಈಸ್ಟ್ ಬೆಂಗಾಲ್ ವಿರುದ್ಧ 2-1 ಗೆಲುವು
2024-25: ಈಸ್ಟ್ ಬೆಂಗಾಲ್ ವಿರುದ್ಧ 1-0 ಗೆಲುವು

ಆರರಲ್ಲಿ ಐದು ಗೆಲುವು, ಒಂದು ಡ್ರಾ, ಸೋಲು ಇಲ್ಲ. ನಡುವಿನ ಎರಡು ಸೀಸನ್ ಕೋವಿಡ್ ಕಾರಣಕ್ಕೆ ಗೋವಾದಲ್ಲೇ ನಡೆದವು. 2020ರ ಮಾರ್ಚ್ 1ರ ಪಂದ್ಯದ ನಂತರ ಕಂಠೀರವದ ಗ್ಯಾಲರಿ ತನ್ನ ತಂಡವನ್ನು ಮತ್ತೆ ನೋಡಿದ್ದು 2022ರ ಅಕ್ಟೋಬರ್ 8ರಂದು, ಎರಡೂವರೆ ವರ್ಷದ ನಂತರ. ಈಗಿನ ಕಾಯುವಿಕೆ ಅಷ್ಟು ಉದ್ದದ್ದಲ್ಲ. ಆದರೆ ಆಗ ಕಾರಣ ಎಲ್ಲರಿಗೂ ಅರ್ಥವಾಗುವಂಥ ರೋಗ, ಈಗ ಕಾಗದಪತ್ರ.

ಮೊದಲ ಗೆಲುವು ಕಪ್ ತರುತ್ತದೆಯೇ?

ಹಾಗೆ ಹೇಳಲಾಗದು. 2018-19ರಲ್ಲಿ ಮೊದಲ ಪಂದ್ಯ ಗೆದ್ದ ತಂಡ ಮುಂಬೈನಲ್ಲಿ ಗೋವಾವನ್ನು 1-0ರಲ್ಲಿ ಸೋಲಿಸಿ ಐಎಸ್‌ಎಲ್ ಕಪ್ ಎತ್ತಿತು. ಹೆಚ್ಚುವರಿ ಅವಧಿಯ ಆ ಗೋಲು ರಾಹುಲ್ ಭೆಕೆ ಅವರದ್ದು. 2017-18, 2022-23, 2024-25ರಲ್ಲಿ ಫೈನಲ್ ತನಕ ಹೋಗಿ ಸೋತಿತು. ಅದರಲ್ಲಿ 2018ರ ಫೈನಲ್ ಕಂಠೀರವದಲ್ಲೇ, ಚೆನ್ನೈಯಿನ್ ವಿರುದ್ಧ 2-3ರಲ್ಲಿ. ಇನ್ನು 2023-24ರಲ್ಲಿ ಮೊದಲ ತವರು ಪಂದ್ಯ ಗೆದ್ದೂ 12 ತಂಡಗಳಲ್ಲಿ 10ನೇ ಸ್ಥಾನಕ್ಕೆ ಕುಸಿಯಿತು. ಬೋಣಿ ಚೆನ್ನಾಗಾಯ್ತು ಅಂತ ಸಂಜೆವರೆಗೂ ವ್ಯಾಪಾರ ಆಗುತ್ತೆ ಅನ್ನಕ್ಕಾಗಲ್ಲ, ಅಂಗಡಿಯವರಿಗೆ ಇದು ಗೊತ್ತಿರುವುದೇ. ಆದರೂ ಬೋಣಿ ಆಗಲಿ ಅಂತ ಕಾಯದವರು ಯಾರು?

ಯಾರ ಮೇಲೆ ಕಣ್ಣು?

2013ರಲ್ಲಿ ಕ್ಲಬ್ ಸೇರಿದ ಸುನಿಲ್ ಚೆಟ್ರಿ ಅವರಿಗೆ ಈಗ 41 ವರ್ಷ. 2024-25ರಲ್ಲಿ 14 ಗೋಲು ಹೊಡೆದು, ಆ ಸೀಸನ್ ಲೀಗ್‌ನಲ್ಲಿ ಅತಿ ಹೆಚ್ಚು ಗೋಲು ಗಳಿಸಿದ ಭಾರತೀಯ ಎನಿಸಿದರು. ಇನ್ನೆಷ್ಟು ದಿನ ಅವರ ಆಟ ಎಂಬ ಪ್ರಶ್ನೆ ಪ್ರತಿ ಅಭಿಮಾನಿಯ ಮನಸ್ಸಿನಲ್ಲಿದೆ. ಮಕ್ಕಳನ್ನು ಕರೆದುಕೊಂಡು ಹೋಗಿ ಒಮ್ಮೆ ತೋರಿಸಬೇಕು ಅನ್ನುವವರು ಬಹಳ. ಇನ್ನೊಂದು ಹೆಸರು ವಿನಿತ್ ವೆಂಕಟೇಶ್. 2024ರ ಸೆಪ್ಟೆಂಬರ್ 14ರ ಮೊದಲ ತವರು ಪಂದ್ಯದ ಏಕೈಕ ಗೋಲು ಈ ಬೆಂಗಳೂರು ಹುಡುಗನದ್ದು. ಕ್ರಿಕೆಟ್ ಬ್ಯಾಟೇ ಹೆಚ್ಚು ಕಾಣುವ ನಮ್ಮ ಕಡೆಯ ಮೈದಾನಗಳಲ್ಲಿ ಚೆಂಡು ಒದೆಯುವ ಮಕ್ಕಳಿಗೆ ಇಂಥ ಒಂದು ಗೋಲು ಸಾಕು.

ಗ್ಯಾಲರಿ ಎಲ್ಲಿ?

ಬಿಎಫ್‌ಸಿ ಜೊತೆಗೇ 2013ರಲ್ಲಿ ಹುಟ್ಟಿದ ಅಭಿಮಾನಿ ಬಳಗ 'ವೆಸ್ಟ್ ಬ್ಲಾಕ್ ಬ್ಲೂಸ್'. ಡ್ರಮ್ಮು, ಹಾಡು, ಬ್ಯಾನರ್ ಎಲ್ಲ ಇವರದ್ದೇ. ಪಂದ್ಯ ಮುಗಿಯುವವರೆಗೆ ನಿಂತೇ ಇರುತ್ತಾರೆ. ಸಣ್ಣ ಮಕ್ಕಳು, ಹಿರಿಯರ ಜೊತೆ ಹೋಗುವವರು ಬೇರೆ ಸ್ಟ್ಯಾಂಡ್ ಆರಿಸಿಕೊಳ್ಳುವುದು ಒಳ್ಳೆಯದು. ಹಳೆಯ ಸಂಪಂಗಿ ಕೆರೆಯ ಜಾಗದಲ್ಲಿರುವ ಕಂಠೀರವದಲ್ಲಿ ಮೈದಾನದ ಸುತ್ತ ಓಟದ ಟ್ರ್ಯಾಕ್ ಇದೆ. ಹಾಗಾಗಿ ಆಟ ಸ್ವಲ್ಪ ದೂರ ಕಾಣುತ್ತದೆ. ಮೇಲಿನ ಸಾಲು ಸಿಕ್ಕರೆ ಅನುಕೂಲ.

ಹೋಗೋದು ಹೇಗೆ?

ಜಯನಗರ, ಬನಶಂಕರಿ, ಜೆ.ಪಿ. ನಗರ: ಹಸಿರು ಮಾರ್ಗದ ಮೆಟ್ರೊದಲ್ಲಿ ಮೆಜೆಸ್ಟಿಕ್. ಅಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿ ಕಬ್ಬನ್ ಪಾರ್ಕ್ ನಿಲ್ದಾಣ. ಅಲ್ಲಿಂದ ಕಸ್ತೂರಬಾ ರಸ್ತೆಯಲ್ಲಿ ವಿಶ್ವೇಶ್ವರಯ್ಯ ಮ್ಯೂಸಿಯಂ ದಾಟಿ ನಡೆಯಬೇಕು.

ಬಿಟಿಎಂ ಲೇಔಟ್: 2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿ ಮಾರ್ಗದಲ್ಲಿ ಆರ್.ವಿ. ರಸ್ತೆ, ಅಲ್ಲಿಂದ ಹಸಿರು ಮಾರ್ಗ. ಹಳದಿ ಮಾರ್ಗ ಬಂದ ಮೇಲೆ ಇದು ಮೊದಲ ಐಎಸ್‌ಎಲ್ ಸೀಸನ್. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ಮೊದಲ ಗೋಲು ತಪ್ಪಿಸಿಕೊಳ್ಳುವುದು ಇನ್ನು ಬೇಡ.

ಬಸ್ಸು: ಕಾರ್ಪೊರೇಷನ್‌ನಲ್ಲಿ ಇಳಿದು ಹಡ್ಸನ್ ವೃತ್ತದ ಕಡೆಯಿಂದ ನಡೆದರೆ ಕ್ರೀಡಾಂಗಣ ಹತ್ತಿರ.

ಗಾಡಿ ತರುವವರಿಗೆ ಪಾರ್ಕಿಂಗ್ ತಲೆನೋವು ಇದ್ದಿದ್ದೇ. ಸಂಜೆ 7.30ರ ಪಂದ್ಯವಾದರೆ 5.30ಕ್ಕೇ ಮನೆ ಬಿಡುವುದು ಲೇಸು. ಆಟ ಮುಗಿಯುವಾಗ ಸುಮಾರು 9.30. ಪಂದ್ಯದ ದಿನ, ಸಮಯ, ಮೈದಾನ ಮತ್ತು ಟಿಕೆಟ್ ವಿವರವನ್ನು ಕ್ಲಬ್‌ನ ಅಧಿಕೃತ ಪ್ರಕಟಣೆಯಲ್ಲಿ ನೋಡಿಕೊಂಡೇ ಹೊರಡಿ.