ಹೆಸರು ತಪ್ಪಿದ ಜೀವಕೋಶ

ಒಗ್ಗದ್ದನ್ನು ತಿಂದು ಮೈಮೇಲೆ ಗಂಧೆ ಎದ್ದರೆ 'ಪಿತ್ತ ಕೆರಳಿತು' ಎನ್ನುವುದು ನಮ್ಮ ಮನೆಗಳ ರೂಢಿ. ಈ ಕೆರಳಿಕೆಯ ನಿಜವಾದ ನೆಲೆಯನ್ನು 1878ರಷ್ಟು ಹಿಂದೆಯೇ ಒಬ್ಬ ವಿದ್ಯಾರ್ಥಿ ಕಣ್ಣಾರೆ ಕಂಡಿದ್ದನು. ಕಂಡುದು ಏನೆಂಬುದು ಮಾತ್ರ ಅವನಿಗೆ ತಿಳಿಯಲಿಲ್ಲ.

ಅವನೇ ಪಾಲ್ ಎರ್ಲಿಖ್. ಜರ್ಮನಿಯ ಲೈಪ್‌ಜಿಗ್ ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿದ ಪ್ರಬಂಧಕ್ಕಾಗಿ, ಬಟ್ಟೆಗೆ ಹಾಕುವ ಅನಿಲಿನ್ ಬಣ್ಣಗಳನ್ನು ದೇಹದ ಅಂಗಾಂಶಕ್ಕೆ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದನು. ಕೆಲವು ಜೀವಕೋಶಗಳೊಳಗೆ ತುಂಬಿದ್ದ ಸಣ್ಣ ಕಣಗಳು ಕೊಟ್ಟ ಬಣ್ಣವನ್ನು ಬಿಟ್ಟು ನೇರಳೆಗೆಂಪಿಗೆ ತಿರುಗಿದವು. ಹೊಟ್ಟೆ ಬಿರಿಯ ಉಂಡಂತಿದ್ದ ಇವು ಅತಿಪೋಷಣೆಯಿಂದ ಕೊಬ್ಬಿದವೆಂದು ಬಗೆದು 'ಮಾಸ್ಟ್' ಕೋಶಗಳೆಂದು ಕರೆದನು. ಜಾನುವಾರುಗಳನ್ನು ಮೇಯಿಸಿ ಕೊಬ್ಬಿಸುವುದಕ್ಕೆ ಜರ್ಮನ್ ಭಾಷೆಯಲ್ಲಿರುವ ಮಾತು ಅದು. ವ್ಯಾಕರಣದ ಪಾಠ ಹೇಳುವವನಿಗೆ ಇದು ಸ್ವಾರಸ್ಯದ ಸಂಗತಿ: ಅನ್ವರ್ಥನಾಮವೆಂದು ಇಟ್ಟದ್ದು ಬರಿಯ ರೂಢನಾಮವಾಗಿ ಉಳಿಯಿತು.

ಕಣಗಳಲ್ಲಿದ್ದುದು ಮೇವಲ್ಲ, ಮದ್ದು. ಸಿಡಿಮದ್ದು ಎಂದರೂ ಸಲ್ಲುತ್ತದೆ. ಹಿಸ್ಟಮಿನ್ ಎಂಬ ವಸ್ತುವಿನ ಉಗ್ರಪ್ರಭಾವವನ್ನು ಇಂಗ್ಲೆಂಡಿನ ಡೇಲ್ ಮತ್ತು ಲೇಡ್ಲಾ 1910ರಲ್ಲಿಯೇ ವಿವರಿಸಿದ್ದರು. ಅದು ಅಡಗಿರುವುದು ಎರ್ಲಿಖನ ಕೋಶಗಳಲ್ಲಿ ಎಂದು ರೈಲಿ ಮತ್ತು ವೆಸ್ಟ್ ತೋರಿಸಿದ್ದು 1953ರಲ್ಲಿ. ನಡುವೆ ಎಪ್ಪತ್ತೈದು ವರ್ಷಗಳು!

ಇನ್ನು ಈ ಮದ್ದಿಗೆ ಕಿಡಿ ತಗಲುವುದು ಹೇಗೆ? ಅದರ ಜಾಡು 1921ರಲ್ಲಿಯೇ ಸಿಕ್ಕಿತ್ತು. ಕ್ಯೂಸ್ಟ್ನರ್ ಎಂಬ ವೈದ್ಯನಿಗೆ ಬೇಯಿಸಿದ ಮೀನು ಆಗುತ್ತಿರಲಿಲ್ಲ. ಅವನ ರಕ್ತದ ತಿಳಿಯನ್ನು ಸಹೋದ್ಯೋಗಿ ಪ್ರೌಸ್ನಿಟ್ಸ್ ತನ್ನ ಹೊಟ್ಟೆಯ ಚರ್ಮದೊಳಕ್ಕೆ ಚುಚ್ಚಿಕೊಂಡನು. ಮರುದಿನ ಅದೇ ಎಡೆಗೆ ಮೀನಿನ ಸಾರವನ್ನು ಚುಚ್ಚಿಕೊಂಡನು. ಮೀನಿನಿಂದ ಯಾವ ಬಾಧೆಯೂ ಇಲ್ಲದವನ ಚರ್ಮ ಅಲ್ಲಿ ದದ್ದಾಗಿ ಊದಿತು. ಒಬ್ಬನ ಒಗ್ಗದಿಕೆ ಇನ್ನೊಬ್ಬನಿಗೆ ದಾಟಿತ್ತು! ರಕ್ತದೊಡನೆ ಕಾಮಾಲೆಯಂಥ ರೋಗಗಳೂ ದಾಟಬಹುದೆಂದು ಈ ಪರೀಕ್ಷೆಯನ್ನು ಮುಂದೆ ಕೈಬಿಟ್ಟರು. ಆ ಧೈರ್ಯವನ್ನಂತೂ ಮೆಚ್ಚಬೇಕು.

ದಾಟಿದ ಆ ವಸ್ತುವನ್ನು ಅಮೆರಿಕದ ಡೆನ್ವರ್ ನಗರದಲ್ಲಿ ಜಪಾನಿನ ಇಶಿಜಾಕ ದಂಪತಿಗಳು 1966ರಲ್ಲಿ ಗುರುತಿಸಿದರು. ಸ್ವೀಡನ್ನಿನ ಯೋಹಾನ್ಸನ್ ಮತ್ತು ಬೆನ್ನಿಖ್ ಬೇರೆ ದಾರಿಯಿಂದ ಅಲ್ಲಿಗೇ ಬಂದರು. 1968ರಲ್ಲಿ ಅದಕ್ಕೆ ಐಜಿ-ಇ ಎಂದು ಹೆಸರಾಯಿತು. ರಕ್ತದಲ್ಲಿ ಅದು ಅತ್ಯಲ್ಪ. ಆದರೆ ಮಾಸ್ಟ್ ಕೋಶದ ಮೈಗೆ ಅಂಟಿ ವಾರಗಟ್ಟಲೆ ಕಾದಿರುತ್ತದೆ. ಪರಾಗವೋ ಮೀನಿನ ಅಂಶವೋ ಬಂದು ಅಕ್ಕಪಕ್ಕದ ಎರಡನ್ನು ಬೆಸೆದೊಡನೆ ಒಳಗೆ ಸಂಕೇತ ಹೋಗುತ್ತದೆ, ಕ್ಯಾಲ್ಸಿಯಂ ನುಗ್ಗುತ್ತದೆ, ಕೆಲವೇ ನಿಮಿಷಗಳಲ್ಲಿ ಕಣಗಳು ಬರಿದಾಗುತ್ತವೆ.

ಹಿಸ್ಟಮಿನ್ನಿನ ಜೊತೆಗೆ ಲ್ಯೂಕೋಟ್ರೀನ್ ಮೊದಲಾದ ವಸ್ತುಗಳನ್ನೂ ಈ ಕೋಶ ಸುರಿಸುತ್ತದೆ. ಗಂಧೆಯ ತುರಿಕೆಯನ್ನು ತಗ್ಗಿಸುವ ಮಾತ್ರೆ ಉಬ್ಬಸಕ್ಕೆ ಸಾಲದೆ ಹೋಗುವುದು ಅದರಿಂದಲೇ. 2003ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಒಮಲಿಜುಮಾಬ್ ಎಂಬ ಔಷಧಿಯಾದರೋ ಐಜಿ-ಇಯನ್ನು ರಕ್ತದಲ್ಲಿಯೇ, ಕೋಶಕ್ಕೆ ಅಂಟುವ ಮೊದಲೇ, ಹಿಡಿದು ನಿಲ್ಲಿಸುತ್ತದೆ.