ಕಿತ್ತದ್ದು ನೂರು ಸಸಿ, ನಡೆದದ್ದು ಏಳು ವರ್ಷ

ಎಕರೆಗೆ ವರ್ಷಕ್ಕೆ ಒಂದು ರೂಪಾಯಿ ಬಾಡಿಗೆ, ನಲವತ್ತು ವರ್ಷದ ಗುತ್ತಿಗೆ. 1984ರಲ್ಲಿ ಕರ್ನಾಟಕ ಸರಕಾರ ಧಾರವಾಡ, ಶಿವಮೊಗ್ಗ ಸೇರಿದಂತೆ ನಾಲ್ಕು ಜಿಲ್ಲೆಗಳ 30,000 ಹೆಕ್ಟೇರ್, ಅಂದರೆ ಸುಮಾರು 75,000 ಎಕರೆ ಭೂಮಿಯನ್ನು ಈ ದರಕ್ಕೆ ಕೊಡಲು ಒಪ್ಪಿತು. ಅಷ್ಟೂ ಭೂಮಿಗೆ ಬೊಕ್ಕಸಕ್ಕೆ ಬರುವುದು ವರ್ಷಕ್ಕೆ 75 ಸಾವಿರ ರೂಪಾಯಿ. ಆ ಭೂಮಿಯಲ್ಲಿ ನೀಲಗಿರಿ ಬೆಳೆಯಬೇಕು, ಬೆಳೆದದ್ದು ರೇಯಾನ್ ಕಾರ್ಖಾನೆಗೆ ಹೋಗಬೇಕು ಎಂಬುದು ಯೋಜನೆ.

ಆದರೆ ಈ ಯೋಜನೆ ಪೂರ್ತಿ ಜಾರಿಗೆ ಬರಲಿಲ್ಲ. ಹಾನಗಲ್ಲು, ಹಿರೇಕೆರೂರು, ರಾಣೆಬೆನ್ನೂರು ಸೀಮೆಯ ಹಳ್ಳಿಗರು ಅದನ್ನು ನಿಲ್ಲಿಸಿದರು. ಕುಸನೂರು ಸತ್ಯಾಗ್ರಹ ಎಂದು ನೆನಪಿನಲ್ಲಿ ಉಳಿದಿರುವುದು ಒಂದು ದಿನದ ಘಟನೆ. ಹೋರಾಟ ಮಾತ್ರ ಒಂದು ದಿನದ್ದಲ್ಲ. 1984ರಿಂದ 1991ರವರೆಗೆ ಅದು ನಡೆಯಿತು. ಚಳವಳಿ ಹುಟ್ಟುವುದಕ್ಕಿಂತ ಬಾಳುವುದು ಕಷ್ಟ. ಒಂದು ದೊಡ್ಡ ಉದ್ಯಮ ಸಮೂಹ, ಅದರ ಬೆನ್ನಿಗೆ ನಿಂತ ಸರಕಾರ, ಇವೆರಡರ ಎದುರು ಹಳ್ಳಿಯ ಜನ ಏಳು ವರ್ಷ ಕಾವು ಆರದಂತೆ ನೋಡಿಕೊಂಡದ್ದು ಹೇಗೆ?

ಯಾರದು ಈ ಭೂಮಿ?

ಬಿರ್ಲಾ ಸಮೂಹದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಇರುವುದು ತುಂಗಭದ್ರೆಯ ದಡದ ಕುಮಾರಪಟ್ಟಣದಲ್ಲಿ. ರೇಯಾನ್ ನೂಲಿಗೆ ಬೇಕಾದ ತಿರುಳು ಮರದಿಂದ ಬರುತ್ತದೆ. ಕಾಗದ, ರೇಯಾನ್, ಪ್ಲೈವುಡ್ ಉದ್ಯಮಗಳು ದಶಕಗಟ್ಟಲೆ ಸರಕಾರಿ ಕಾಡಿನಿಂದ ಅಗ್ಗದ ದರದಲ್ಲಿ ಮರ ಪಡೆದವು. ಕಾಡು ಕರಗಿದಂತೆ ತಮ್ಮದೇ ನೆಡುತೋಪು ಬೇಕೆಂದು ಕೇಳತೊಡಗಿದವು. ಕಂಪನಿಯೊಂದು ಇಷ್ಟು ಭೂಮಿಗೆ ಒಡೆಯನಾಗಲು ಕಾನೂನಿನಲ್ಲಿ ಅವಕಾಶವಿರಲಿಲ್ಲ. ಇದಕ್ಕೆ ಕಂಡುಕೊಂಡ ದಾರಿ ಜಂಟಿ ಕಂಪನಿ. 1984ರ ನವೆಂಬರ್ 14ರಂದು ‘ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್’ ಹುಟ್ಟಿತು. ಸರಕಾರದ ಪಾಲು ಶೇ. 51, ಕಾರ್ಖಾನೆಯದು ಶೇ. 49. ಆದರೆ ಬೆಳೆದ ಮರದಲ್ಲಿ ಶೇ. 87.5 ನೇರವಾಗಿ ಕಾರ್ಖಾನೆಗೆ. ಉಳಿದದ್ದನ್ನು ಕೊಳ್ಳುವ ಅವಕಾಶವೂ ಅದಕ್ಕೇ. ಬ್ಯಾಂಕ್ ಸಾಲಕ್ಕೆ ಜಾಮೀನು ಸರಕಾರದ್ದು.

ಸರಕಾರದ ವಾದವನ್ನೂ ಕೇಳಬೇಕು. ಈ ಭೂಮಿ ಹಾಳುಬಿದ್ದದ್ದು, ಇಲ್ಲಿ ಮರ ಬೆಳೆದರೆ ಹಸಿರೂ ಆಯಿತು, ಉದ್ಯಮಕ್ಕೂ ಆಯಿತು, ಉಳಿದ ಕಾಡಿನ ಮೇಲಿನ ಒತ್ತಡವೂ ತಗ್ಗಿತು ಎಂಬುದು ಅದರ ನಿಲುವು. ಕಂದಾಯದ ಕಡತದಲ್ಲಿ ಅದು ಪಾಳು ಭೂಮಿ ನಿಜ. ಹಳ್ಳಿಯ ಲೆಕ್ಕ ಬೇರೆ. ದನಕರುಗಳ ಮೇವು, ಒಲೆಯ ಕಟ್ಟಿಗೆ, ಬೇಲಿಯ ಮುಳ್ಳು, ನೇಗಿಲು ಕುಂಟೆಗಳಿಗೆ ಬೇಕಾದ ಮರ, ಎಲ್ಲ ಅಲ್ಲಿಂದಲೇ ಬರಬೇಕು. ಸ್ವಂತ ಹೊಲವಿಲ್ಲದೆ ಒಂದೆರಡು ಆಕಳು, ನಾಲ್ಕು ಕುರಿ ನೆಚ್ಚಿಕೊಂಡವರಿಗಂತೂ ಅದೇ ಹೊಲ. ನೀಲಗಿರಿಯ ಎಲೆಯನ್ನು ದನ ಮುಟ್ಟುವುದಿಲ್ಲ. ತೋಪು ಎದ್ದರೆ ಊರಿನ ಪಾಲಿಗೆ ಆ ಭೂಮಿ ಇದ್ದೂ ಇಲ್ಲದಂತೆ. ಆ ಪ್ರದೇಶದ ಐದು ಲಕ್ಷ ಜನರ ಬದುಕಿನ ಪ್ರಶ್ನೆ ಇದೆಂದು ಮುಂದೆ ಹೋರಾಟಗಾರರು ನ್ಯಾಯಾಲಯಕ್ಕೆ ಹೇಳಿದರು.

ನದಿಯಿಂದ ಗುಡ್ಡಕ್ಕೆ

ಈ ಹೋರಾಟಕ್ಕೆ ನೆಲ ಮೊದಲೇ ಹದವಾಗಿತ್ತು. ಕಾರ್ಖಾನೆಯ ಕೊಳೆನೀರು ತುಂಗಭದ್ರೆಯನ್ನು ಕೆಡಿಸುತ್ತಿದೆ ಎಂದು ದಡದ ಹಳ್ಳಿಗಳು ದೂರುತ್ತಿದ್ದವು. ಎಸ್.ಆರ್. ಹಿರೇಮಠರು ಮುಂದಾಳಾಗಿದ್ದ ಧಾರವಾಡದ ಸಮಾಜ ಪರಿವರ್ತನ ಸಮುದಾಯ 1984ರ ಗಾಂಧಿ ಜಯಂತಿಯಂದು ಕಾರ್ಖಾನೆಯ ಮುಂದೆ ದೊಡ್ಡ ಪ್ರದರ್ಶನ ನಡೆಸಿತು. ಅದಾಗಿ ಆರು ವಾರಕ್ಕೆ ಜಂಟಿ ಕಂಪನಿ ಬಂತು. ನದಿಯ ಮೀನು ಕಳೆದುಕೊಂಡವನೂ ಗುಡ್ಡದ ಹುಲ್ಲು ಕಳೆದುಕೊಳ್ಳಲಿರುವವನೂ ಒಂದೇ ಕಾರ್ಖಾನೆಯತ್ತ ಬೆರಳು ತೋರಿಸುವಂತಾಯಿತು. ಎರಡು ದೂರುಗಳು ಒಂದೇ ಮಾತಾದದ್ದು ಚಳವಳಿಯ ಮೊದಲ ಬಲ.

ಮಾದರಿಗಳೂ ಹತ್ತಿರದಲ್ಲೇ ಇದ್ದವು. 1983ರಲ್ಲಿ ಶಿರಸಿ ಬಳಿಯ ಸಾಲ್ಕಣಿಯಲ್ಲಿ ಜನ ಮರಗಳನ್ನು ತಬ್ಬಿ ನಿಂತು ಅಪ್ಪಿಕೋ ಚಳವಳಿ ಆರಂಭಿಸಿದ್ದರು. ಅದೇ ವರ್ಷ ತುಮಕೂರು ಜಿಲ್ಲೆಯಲ್ಲಿ ರೈತರು ಅರಣ್ಯ ಇಲಾಖೆಯ ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತು ಹುಣಸೆ, ಮಾವಿನ ಬೀಜ ಊರಿದ್ದರು.

1986ರಲ್ಲಿ ಸಮುದಾಯ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿತು. ಅರ್ಜಿದಾರರಲ್ಲಿ ಡಾ. ಶಿವರಾಮ ಕಾರಂತರೂ ಒಬ್ಬರು. 1987ರ ಮಾರ್ಚ್ 24ರಂದು ಕೋರ್ಟು ತಡೆಯಾಜ್ಞೆ ನೀಡಿತು.

ಅನೇಕ ಹೋರಾಟಗಳು ಸೊರಗುವುದು ಇಂಥ ಕಡೆಯೇ. ತಡೆಯಾಜ್ಞೆ ಸಿಕ್ಕಿತೆಂದರೆ ಜನ ಮನೆಗೆ ಹೋಗುತ್ತಾರೆ, ಮುಂದಿನದು ವಕೀಲರ ಕೆಲಸವಾಗುತ್ತದೆ. ಇಲ್ಲಿ ಹಾಗಾಗಲಿಲ್ಲ. ಎರಡೇ ತಿಂಗಳಲ್ಲಿ, ಮೇ ತಿಂಗಳಿನಲ್ಲಿ, ಹಾನಗಲ್ಲು ತಾಲ್ಲೂಕಿನ ಕುಸನೂರಿನಲ್ಲಿ ಅಹಿಂಸಾ ತರಬೇತಿ ಶಿಬಿರ ನಡೆಯಿತು. ಅಲ್ಲಿ ಆಗಲೇ 400 ಹೆಕ್ಟೇರ್ ಕಂಪನಿಯ ಕೈಗೆ ಹೋಗಿತ್ತು. ಹಳ್ಳಿಗರದೇ ಆದ ಗುಡ್ಡನಾಡು ಅಭಿವೃದ್ಧಿ ಸಮಿತಿ ಹುಟ್ಟಿತು. ಊರೂರಲ್ಲಿ ಸಭೆಗಳಾದವು.

ಕಿತ್ತಿಕೋ–ಹಚ್ಚಿಕೋ

1987ರ ನವೆಂಬರ್ 14, ಕಂಪನಿ ಹುಟ್ಟಿ ಸರಿಯಾಗಿ ಮೂರು ವರ್ಷ. ಅಂದು ಸುಮಾರು 2,000 ಜನ, ಗಂಡಸರು, ಹೆಂಗಸರು, ಮಕ್ಕಳು, ಕುಸನೂರಿನ ಶಾಲೆಯ ಅಂಗಳದಲ್ಲಿ ಸೇರಿ ಅಹಿಂಸೆಯ ಪ್ರತಿಜ್ಞೆ ಮಾಡಿದರು. ಮುಂದೆ ವಾದ್ಯ, ಹಿಂದೆ ಬ್ಯಾನರು, ಘೋಷಣೆ. ಗುಡ್ಡಕ್ಕೆ ಹೋಗಿ ನೂರು ನೀಲಗಿರಿ ಸಸಿ ಕಿತ್ತರು. ಅದೇ ಜಾಗದಲ್ಲಿ ಹಣ್ಣಿಗೂ ಮೇವಿಗೂ ಒದಗುವ ಗಿಡ ಹಚ್ಚಿದರು. ಧಾರವಾಡದ ಕಡೆ ಸಸಿ ನೆಡುವುದನ್ನು ‘ಹಚ್ಚುವುದು’ ಎನ್ನುತ್ತಾರೆ. ಹೀಗಾಗಿ ಅದು ‘ಕಿತ್ತಿಕೋ–ಹಚ್ಚಿಕೋ’ ಸತ್ಯಾಗ್ರಹ.

ಸಾವಿರಾರು ಎಕರೆಯ ಎದುರು ನೂರು ಸಸಿ ಲೆಕ್ಕಕ್ಕೇ ಇಲ್ಲ. ಕಂಪನಿಗಾದ ನಷ್ಟವೂ ಅಷ್ಟಕ್ಕಷ್ಟೇ. ಅರ್ಥವಿದ್ದದ್ದು ಎರಡನೆಯ ಮಾತಿನಲ್ಲಿ. ಬರಿದೇ ಕಿತ್ತಿದ್ದರೆ ಅದು ಹಾಳುಗೆಡವುವ ಕೆಲಸವೆಂದು ಸರಕಾರ ಸುಲಭವಾಗಿ ಹೇಳಬಹುದಿತ್ತು. ಹಚ್ಚಿದ್ದರಿಂದ ಹಳ್ಳಿಗರು ತಮಗೆ ಏನು ಬೇಡ ಎಂಬುದರ ಜೊತೆಗೆ ಏನು ಬೇಕು ಎಂಬುದನ್ನೂ ಹೇಳಿದಂತಾಯಿತು. ನವೆಂಬರ್ ಎಂದರೆ ಮಳೆಗಾಲ ಮುಗಿದಿರುತ್ತದೆ. ಆಗ ಹಚ್ಚಿದ ಸಸಿ ತಾನಾಗಿ ಬದುಕುವುದಿಲ್ಲ. ನೀರುಣಿಸಿ ಕಾಯುತ್ತೇವೆಂದು ಜನ ಅಂದೇ ಪಣ ತೊಟ್ಟರು. ಮೆರವಣಿಗೆ ಮುಗಿದ ಮರುದಿನದಿಂದ ಮಾಡಲು ಒಂದು ಕೆಲಸ ಸಿಕ್ಕಿತು.

ಏಳುಬೀಳು

1988ರ ಏಪ್ರಿಲ್‌ನಲ್ಲಿ ಕೋರ್ಟು ತಡೆಯಾಜ್ಞೆಯನ್ನು ಸಡಿಲಿಸಿ, ಇನ್ನೂ 3,000 ಹೆಕ್ಟೇರ್ ಕಂಪನಿಗೆ ಕೊಡಲು ಅನುಮತಿಸಿತು. ನ್ಯಾಯಾಲಯವನ್ನೇ ನೆಚ್ಚಿದ್ದರೆ ಹೋರಾಟ ಅಲ್ಲಿಗೆ ಕುಸಿಯುತ್ತಿತ್ತು. ಸಮುದಾಯ ಮಳೆಗಾಲದ ಸತ್ಯಾಗ್ರಹಕ್ಕೆ ಸಿದ್ಧವಾಯಿತು. ಪತ್ರಿಕೆಗಳೂ ಬರೆದವು. ಆಗ ಸರಕಾರ ಮಾತುಕತೆಗೆ ಕರೆಯಿತು. ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರ ಏಕಸದಸ್ಯ ಆಯೋಗ, ಅದು ವರದಿ ಕೊಡುವವರೆಗೆ ಧಾರವಾಡ ಜಿಲ್ಲೆಯಲ್ಲಿ ಕಂಪನಿಯ ಕೆಲಸ ಸ್ಥಗಿತ, ಇತ್ತ ಸತ್ಯಾಗ್ರಹವೂ ಸ್ಥಗಿತ ಎಂಬ ಸಲಹೆ ಬಂತು. ಆಯೋಗ ರಚನೆಯಾಗಲೇ ಇಲ್ಲ. ಹೊತ್ತು ಕಳೆಯಿತು, ಅಷ್ಟೆ. ಆಗಸ್ಟ್ 8ರಂದು ಮತ್ತೆ ಗುಡ್ಡಕ್ಕೆ ಹೊರಟವರನ್ನು ಪೊಲೀಸರು ದಾರಿಯಲ್ಲೇ ಬಂಧಿಸಿದರು.

ಒಂದು ದಾರಿ ಮುಚ್ಚಿದಾಗ ಇನ್ನೊಂದನ್ನು ಹಿಡಿಯುವುದು ಈ ಚಳವಳಿಯ ರೀತಿ. ಸುಪ್ರೀಂ ಕೋರ್ಟ್ ಒಪ್ಪಿದ್ದಕ್ಕಿಂತ ಎಷ್ಟೋ ಹೆಚ್ಚು ಭೂಮಿಯನ್ನು ಅರಣ್ಯ ಇಲಾಖೆಯ ಹಿರಿಯ ಅಧಿಕಾರಿಯೊಬ್ಬರು ಕಂಪನಿಗೆ ವಹಿಸಿದ್ದ ಆದೇಶಗಳ ಪ್ರತಿ ಹೋರಾಟಗಾರರ ಕೈಸೇರಿತು. ಅದೇ ನ್ಯಾಯಾಂಗ ನಿಂದನೆಯ ಅರ್ಜಿಯಾಯಿತು. 1988ರಲ್ಲೇ ಅರಣ್ಯ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿ ಬಂದು, ಅರಣ್ಯ ಭೂಮಿಯನ್ನು ಖಾಸಗಿಯವರಿಗೆ ಗುತ್ತಿಗೆ ಕೊಡಲು ಕೇಂದ್ರದ ಪೂರ್ವಾನುಮತಿ ಬೇಕೆಂದಾಯಿತು. ದೆಹಲಿಯಲ್ಲೂ ಮಾತು ಎತ್ತಲು ಇದು ಹಿಡಿಕೆಯಾಯಿತು. 1989ರ ಆಗಸ್ಟ್‌ನಲ್ಲಿ ಹಾನಗಲ್ಲು, ರಾಣೆಬೆನ್ನೂರುಗಳಲ್ಲಿ ರೇಯಾನ್ ಬಟ್ಟೆಯ ಹೋಳಿ ನಡೆಯಿತು. ಹಿಂದೆ ವಿದೇಶಿ ಬಟ್ಟೆ ಸುಟ್ಟ ದಿನಗಳ ನೆನಪು ಯಾರಿಗಾದರೂ ಬರಲೇಬೇಕು. 1990ರ ಸ್ವಾತಂತ್ರ್ಯ ದಿನದಂದು ಹಿರೇಕೆರೂರು ತಾಲ್ಲೂಕಿನ ನಾಗವಂದದಲ್ಲಿ ಚಿಪ್ಕೊ ಚಳವಳಿಯ ಸುಂದರಲಾಲ ಬಹುಗುಣರ ನೇತೃತ್ವದಲ್ಲಿ ಮತ್ತೆ ಕಿತ್ತಿಕೋ–ಹಚ್ಚಿಕೋ.

ಈ ದಿನಾಂಕಗಳನ್ನು ಗಮನಿಸಬೇಕು. ಅಕ್ಟೋಬರ್ 2, ನವೆಂಬರ್ 14, ಆಗಸ್ಟ್ 8, ಆಗಸ್ಟ್ 15. ಸ್ವಾತಂತ್ರ್ಯ ಹೋರಾಟದ ಪಂಚಾಂಗ ನಮ್ಮ ಹಳ್ಳಿ ಶಾಲೆಯ ಮಗುವಿಗೂ ಗೊತ್ತು. ಅದಕ್ಕೆ ಹೋರಾಟವನ್ನು ಹೊಂದಿಸಿದರೆ ಮುಂದಿನ ದಿನ ಯಾವುದೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಗೆದ್ದ ಮೇಲೂ

ಈ ನಡುವೆ ರಾಜ್ಯದಲ್ಲಿ ಜನತಾ ಸರಕಾರ ಹೋಗಿ ಕಾಂಗ್ರೆಸ್ ಬಂದಿತ್ತು. ಚಳವಳಿ ಯಾವ ಪಕ್ಷಕ್ಕೂ ಅಂಟಿಕೊಂಡಿರಲಿಲ್ಲವಾದ್ದರಿಂದ ಹೊಸಬರ ಎದುರೂ ಹಳೆಯ ಮಾತನ್ನೇ ಆಡಬಹುದಿತ್ತು. 1990ರ ಜುಲೈನಲ್ಲಿ ಐವತ್ತಕ್ಕೂ ಹೆಚ್ಚು ಶಾಸಕರು ಕಂಪನಿಯನ್ನು ಮುಚ್ಚಬೇಕೆಂದು ಮುಖ್ಯಮಂತ್ರಿಗೆ ಮನವಿ ಕೊಟ್ಟರು. ಅಕ್ಟೋಬರ್ ಆರಂಭದಲ್ಲಿ ಕಂಪನಿಯನ್ನು ಮುಚ್ಚುವ ಘೋಷಣೆ ಬಂತು.

ಹಾರ ಹಾಕಿಸಿಕೊಂಡು ಮನೆಗೆ ಹೋಗಲು ಅದು ತಕ್ಕ ಸಮಯ. ಆದರೆ ಕೆಲವೇ ತಿಂಗಳಲ್ಲಿ ಯೋಜನೆಗೆ ಮರುಜೀವ ಬರಬಹುದೆಂಬ ಮಾತು ಸರಕಾರದ ಒಳಗಿನಿಂದಲೇ ಕೇಳಿಬಂತು. ಸಮುದಾಯ ಮತ್ತೆ ಸುಪ್ರೀಂ ಕೋರ್ಟಿಗೆ ಹೋಯಿತು. 1991ರ ಮಾರ್ಚ್ 26ರಂದು ಕೋರ್ಟು ಕಂಪನಿ ಮುಚ್ಚಿದ್ದನ್ನೂ ಭೂಮಿ ಸರಕಾರಕ್ಕೆ ಮರಳಿದ್ದನ್ನೂ ದಾಖಲಿಸಿತು. ಆಡಿದ ಮಾತು ಅಳಿಸಲಾಗದ ಕಾಗದವಾಯಿತು.

ಗೆಲುವಿನ ಅಳತೆಯನ್ನೂ ಸರಿಯಾಗಿ ಹಿಡಿಯಬೇಕು. ಭೂಮಿ ಮರಳಿದ್ದು ಸರಕಾರಕ್ಕೆ, ಊರಿಗಲ್ಲ. ಹುಲ್ಲು ಕಟ್ಟಿಗೆಯ ಮೇಲೆ ಹಳ್ಳಿಗರ ಹಕ್ಕು ಎಷ್ಟು ಎಂಬ ಮೂಲ ಪ್ರಶ್ನೆಗೆ ಅಲ್ಲಿ ಉತ್ತರ ಸಿಗಲಿಲ್ಲ. ಆದರೆ ಏಳು ವರ್ಷದಲ್ಲಿ ಕಲಿತ ವಿದ್ಯೆ ಹಾಗೇ ಉಳಿಯಿತು. ಬಳ್ಳಾರಿಯ ಅಕ್ರಮ ಗಣಿಗಾರಿಕೆಯ ವಿರುದ್ಧ 2009ರಲ್ಲಿ ಸುಪ್ರೀಂ ಕೋರ್ಟಿಗೆ ಹೋದದ್ದೂ ಇದೇ ಸಮಾಜ ಪರಿವರ್ತನ ಸಮುದಾಯ. 2011ರಲ್ಲಿ ಅಲ್ಲಿ ಗಣಿಗಾರಿಕೆಗೆ ತಡೆ ಬಂದದ್ದು ಆ ಅರ್ಜಿಯ ಮೇಲೆಯೇ. ನೀಲಗಿರಿಯ ಕತೆಯೂ ಮುಂದೆ ತಿರುಗಿತು. ಒಂದು ಕಾಲಕ್ಕೆ ಅದಕ್ಕೆಂದೇ ಎಕರೆಗೆ ರೂಪಾಯಿಯಂತೆ ಭೂಮಿ ಬರೆದುಕೊಟ್ಟ ರಾಜ್ಯ, ಅಂತರ್ಜಲದ ಚಿಂತೆಯಿಂದ 2017ರಲ್ಲಿ ಹೊಸದಾಗಿ ಅದನ್ನು ಬೆಳೆಸುವುದನ್ನೇ ನಿಷೇಧಿಸಿತು.

ದೊಡ್ಡ ಬಂಡವಾಳಕ್ಕೆ ಕಾಯುವ ಶಕ್ತಿಯಿದೆ. ಅದರ ವಕೀಲರಿಗೆ ಸಂಬಳ ಬರುತ್ತದೆ, ಕಡತಕ್ಕೆ ಹಸಿವಿಲ್ಲ. ಕೂಲಿ ಬಿಟ್ಟು ಮೆರವಣಿಗೆಗೆ ಬರುವವನಿಗೆ ಆ ಅನುಕೂಲವಿಲ್ಲ. ಆದ್ದರಿಂದಲೇ ಅವನ ಹೋರಾಟ ಸದಾ ಕೂಗುತ್ತಿರಲಾರದು. ಸುಗ್ಗಿಗೆ ಹೊಲಕ್ಕೆ ಹೋಗಿ, ಸಮಯ ಬಂದಾಗ ಮತ್ತೆ ಗುಡ್ಡ ಹತ್ತುವಂತಿರಬೇಕು. ನಡುವಿನ ಹೊತ್ತಿನಲ್ಲಿ ಕಾಗದ ನೋಡುವವರು ನೋಡುತ್ತಿರಬೇಕು, ಹಚ್ಚಿದ ಸಸಿಗೆ ನೀರೆರೆಯುವವರು ಎರೆಯುತ್ತಿರಬೇಕು. ಕುಸನೂರಿನ ಜನ ಮಾಡಿ ತೋರಿಸಿದ್ದು ಇದನ್ನೇ.